ಅಡ್ಡ ಗುಣಾಕಾರಕ್ಕೆ ಮೊದಲು ಛೇದದ ಚಿಹ್ನೆ ನೋಡಲಿ

ಮಾನ್ಯರೇ,

ಭಾಗಲಬ್ಧ ಸಂಖ್ಯೆಗಳಲ್ಲಿ (1/2, -3/4ರಂಥವು) ಯಾವುದು ದೊಡ್ಡದು, ಯಾವುದು ಚಿಕ್ಕದು ಎಂದು ಏಳನೇ ತರಗತಿಯ ಮಕ್ಕಳಿಗೆ ಹೇಳಿಕೊಡುವಾಗ ಅನೇಕರು ಅಡ್ಡ ಗುಣಾಕಾರದಿಂದಲೇ, ಅಂದರೆ ಒಂದರ ಅಂಶವನ್ನು ಇನ್ನೊಂದರ ಛೇದದಿಂದ ಗುಣಿಸುವುದರಿಂದಲೇ ಶುರು ಮಾಡುತ್ತಾರೆ. ಎರಡು ಗೀಟು ಎಳೆದರೆ ಉತ್ತರ ಸಿಗುತ್ತದೆ, ನಿಜ. ಆದರೆ 3/(-4) ಮತ್ತು (-2)/3 ಕೊಟ್ಟು ನೋಡಿ. 3×3=9, (-4)×(-2)=8. ಒಂಬತ್ತೇ ಹೆಚ್ಚು, ಹಾಗಾಗಿ 3/(-4) ದೊಡ್ಡದು ಎಂದು ಮಗು ಬರೆದುಬಿಡುತ್ತದೆ. ಛೇದವನ್ನು 12 ಮಾಡಿದರೆ ಅವು -9/12 ಮತ್ತು -8/12. ದೊಡ್ಡದು (-2)/3!

ಎಡವಿದ್ದೆಲ್ಲಿ? ಅಡ್ಡ ಗುಣಾಕಾರ ಎಂದರೆ ಎರಡೂ ಕಡೆಯನ್ನು ಛೇದಗಳ ಗುಣಲಬ್ಧದಿಂದ ಗುಣಿಸಿದಂತೆ. ಇಲ್ಲಿ ಅದು -12. ಋಣ ಸಂಖ್ಯೆಯಿಂದ ಗುಣಿಸಿದಾಗ ಹೆಚ್ಚು-ಕಡಿಮೆ ಚಿಹ್ನೆಯನ್ನು ತಿರುಗಿಸಬೇಕು, ತಿರುಗಿಸಿಲ್ಲ. ಎರಡೂ ಛೇದ ಋಣವಾಗಿದ್ದರೆ ಗುಣಲಬ್ಧ ಧನವಾಗಿ ಉತ್ತರ ಸರಿಯಾಗಿಯೇ ಬರುವುದರಿಂದ ಈ ದೋಷ ಕಣ್ಣಿಗೂ ಬೀಳುವುದಿಲ್ಲ.

ಆದ್ದರಿಂದ ಮೊದಲು ಅಂಶ, ಛೇದ ಎರಡನ್ನೂ -1ರಿಂದ ಗುಣಿಸಿ ಛೇದವನ್ನು ಧನ ಮಾಡಿಕೊಳ್ಳಲಿ. ಆಮೇಲೆ ಋಣ, ಸೊನ್ನೆ, ಧನ ಎಂದು ಬೇರ್ಪಡಿಸಲಿ. -7/2 ಮತ್ತು 1/100ನ್ನು ಹೋಲಿಸಲು ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಏಕೆ ಬೇಕು?

ಋಣ ಸಂಖ್ಯೆಗಳ ಕ್ರಮ ತಲೆಕೆಳಗಾಗುವುದೇ ಮಕ್ಕಳಿಗೆ ದೊಡ್ಡ ತೊಡಕು. ಅದಕ್ಕೆ ಆ ಪದವೇ ನೆರವಾಗುತ್ತದೆ. ಋಣ ಎಂದರೆ ಸಾಲ; ಗಣಿತಜ್ಞ ಬ್ರಹ್ಮಗುಪ್ತ ಕ್ರಿ.ಶ. 628ರಲ್ಲಿ ಈ ಸಂಖ್ಯೆಗಳ ನಿಯಮ ಹೇಳಿದ್ದೂ ಧನ, ಋಣ ಎಂಬ ಮಾತುಗಳಲ್ಲೇ. ಮುಕ್ಕಾಲು ಲಕ್ಷ ಸಾಲ ಇರುವವನಿಗಿಂತ ಅರ್ಧ ಲಕ್ಷ ಸಾಲ ಇರುವವನೇ ವಾಸಿ, ಹಾಗಾಗಿ -1/2 ದೊಡ್ಡದು, -3/4 ಚಿಕ್ಕದು.

ಲೆಕ್ಕಕ್ಕೆ ಇಳಿಯುವ ಮುನ್ನ ಸಂಖ್ಯೆಗಳನ್ನೊಮ್ಮೆ ದಿಟ್ಟಿಸಿ ನೋಡಬೇಕು. 4/9 ಮತ್ತು 6/11 ತೆಗೆದುಕೊಳ್ಳಿ. 9ರ ಅರ್ಧ ನಾಲ್ಕೂವರೆ, 11ರ ಅರ್ಧ ಐದೂವರೆ. ಮೊದಲನೆಯದು ಅರ್ಧಕ್ಕಿಂತ ಕಡಿಮೆ, ಎರಡನೆಯದು ಹೆಚ್ಚು. ಮುಗಿಯಿತು. -2/3, -5/6, -3/4 ಇವನ್ನು ಏರಿಕೆ ಕ್ರಮದಲ್ಲಿ ಬರೆಯಬೇಕೆ? -1ರಿಂದ ಅವುಗಳ ದೂರ 1/3, 1/6, 1/4. ಹತ್ತಿರವಿದ್ದಷ್ಟೂ ಚಿಕ್ಕದು, ಆದ್ದರಿಂದ -5/6, -3/4, -2/3. ಇಂಥ ಯಾವ ಸುಳಿವೂ ಸಿಗದಿದ್ದಾಗ ಲ.ಸಾ.ಅ. ಇದ್ದೇ ಇದೆ: 5/12 ಮತ್ತು 7/18ಕ್ಕೆ ಅದು 36, ಅಂದರೆ 15/36 ಮತ್ತು 14/36.

ಸಂಖ್ಯಾರೇಖೆಯ ವಿಷಯದಲ್ಲೂ ಒಂದು ಸಣ್ಣ ಎಚ್ಚರ ಬೇಕು. ಗ್ರಾಫ್ ಹಾಳೆಯಲ್ಲಿ ಹತ್ತು ಮನೆಗೆ ಒಂದು ಎಂದು ಎಳೆದರೆ 1/3, 1/6 ಗೆರೆಯ ಮೇಲೆ ಬೀಳುವುದಿಲ್ಲ; ಮಗು ಅಂದಾಜಿನಲ್ಲಿ ಚುಕ್ಕೆ ಇಡುತ್ತದೆ. ಹನ್ನೆರಡು ಮನೆಗೆ ಒಂದು ಎಂದು ಎಳೆಸಿದರೆ ಅರ್ಧ, ಮೂರನೇ ಒಂದು, ಕಾಲು, ಆರನೇ ಒಂದು ಎಲ್ಲವೂ ಗೆರೆಯ ಮೇಲೇ ಕೂರುತ್ತವೆ.

ಉತ್ತರ ಪತ್ರಿಕೆ ತಿದ್ದುವವರಲ್ಲಿ ಒಂದು ವಿನಂತಿ. ‘ಇದು ಅರ್ಧಕ್ಕಿಂತ ಕಡಿಮೆ, ಅದು ಹೆಚ್ಚು’ ಎಂದು ಕಾರಣ ಕೊಟ್ಟು ಬರೆದ ಮಗುವಿಗೆ, ಲ.ಸಾ.ಅ. ತೋರಿಸಿಲ್ಲವೆಂದು ಅಂಕ ಕಡಿಯಬೇಡಿ.

– ಗಣಿತ ಶಿಕ್ಷಕರು, ಧಾರವಾಡ