ಕಾಲು ಭಾಗ ಕತ್ತರಿಸಿದ ಚಿತ್ರಗಳು: ಡೆಬೊರಾ ಕಾರ್ ಚಿತ್ರಮಾಲೆಯ ಬಗ್ಗೆ ದೂರು

ಇಂದ,
ನಿಮ್ಮ ವಾರ್ಷಿಕ ಚಂದಾದಾರ,
ಮೈಸೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ, ಆನ್‌ಲೈನ್ ಚಲನಚಿತ್ರ ಸೇವೆ

ವಿಷಯ: ‘ಸಂಪೂರ್ಣ ಚಿತ್ರಮಾಲೆ’ ಎಂದು ಹೇಳಿ ಮೊಟಕುಗೊಳಿಸಿದ ಚಿತ್ರಗಳನ್ನು ತೋರಿಸಿರುವ ಬಗ್ಗೆ.

ಮಾನ್ಯರೇ,

ಬ್ರಿಟಿಷ್ ನಟಿ ಡೆಬೊರಾ ಕಾರ್ ಅವರ ಚಿತ್ರಗಳನ್ನು ‘ಮೂಲ ರೂಪದಲ್ಲಿ, ಒಂದು ದೃಶ್ಯವನ್ನೂ ಬಿಡದೆ’ ತೋರಿಸುತ್ತೇವೆ ಎಂಬ ನಿಮ್ಮ ಜಾಹೀರಾತನ್ನು ನಂಬಿ, ಎರಡು ತಿಂಗಳ ಹಿಂದೆ 1,499 ರೂಪಾಯಿ ಕೊಟ್ಟು ವರ್ಷದ ಚಂದಾದಾರನಾದೆ. ನಮ್ಮ ಬೀದಿಯ ಆರು ಜನ ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ಮನೆಯಲ್ಲಿ ಸೇರಿ ಹಳೆಯ ಚಿತ್ರಗಳನ್ನು ನೋಡುತ್ತೇವೆ. ಎಪ್ಪತ್ತು ದಾಟಿದ ನನ್ನ ಅಕ್ಕನೂ ಅವರಲ್ಲಿ ಒಬ್ಬಳು. ಕಾಲೇಜಿನ ದಿನಗಳಲ್ಲಿ ಈ ನಟಿಯ ಚಿತ್ರಗಳನ್ನು ಟಾಕೀಸಿನಲ್ಲಿ ನೋಡಿದ್ದವಳು. ಮೊದಲ ಭಾನುವಾರ ‘ಬ್ಲ್ಯಾಕ್ ನಾರ್ಸಿಸಸ್’ ಹಾಕಿ ಅರ್ಧ ಗಂಟೆಯೂ ಆಗಿರಲಿಲ್ಲ, ಅಕ್ಕ ಕನ್ನಡಕ ತೆಗೆದು ಒರೆಸಿಕೊಂಡು, “ಇವರ ತಲೆ ಎಲ್ಲಿ ಹೋಯಿತು?” ಎಂದು ಕೇಳಿದಳು. ಅವಳ ಕಣ್ಣಿನಲ್ಲಿ ದೋಷವಿರಲಿಲ್ಲ.

1947ರ ಆ ಚಿತ್ರದ ಚೌಕಟ್ಟು ಹೆಚ್ಚುಕಡಿಮೆ ಚೌಕಾಕಾರದ್ದು. ಅಗಲ ನಾಲ್ಕಾದರೆ ಎತ್ತರ ಮೂರರ ಹತ್ತಿರ. ಇಂದಿನ ಅಗಲ ಟಿವಿಯಲ್ಲಿ ಅದನ್ನು ತೋರಿಸುವಾಗ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿಯಬೇಕು. ನೀವು ಪಟ್ಟಿ ಕಾಣಬಾರದೆಂದು ಚಿತ್ರವನ್ನೇ ಹಿಗ್ಗಿಸಿ ಮೇಲೂ ಕೆಳಗೂ ಕೊಯ್ದಿದ್ದೀರಿ. ಲೆಕ್ಕ ಹಾಕಿದರೆ ಸುಮಾರು ಕಾಲು ಭಾಗ ಚಿತ್ರ ಹೋಗಿದೆ.

ಆ ಕಾಲು ಭಾಗದಲ್ಲಿ ಏನಿತ್ತು ಎಂಬುದನ್ನು ದಯವಿಟ್ಟು ಓದಿ. ಚಿತ್ರದಲ್ಲಿ ಡೆಬೊರಾ ಕಾರ್ ಸಿಸ್ಟರ್ ಕ್ಲೋಡಾ. ಹಿಮಾಲಯದ ಎತ್ತರದಲ್ಲಿರುವ ಹಳೆಯ ಅರಮನೆಯೊಂದರಲ್ಲಿ ಕಾನ್ವೆಂಟ್ ನಡೆಸಲು ಬಂದ ಎಳೆ ವಯಸ್ಸಿನ ಮುಖ್ಯಸ್ಥೆ. ಮೈಯೆಲ್ಲ ಬಿಳಿ ನಿಲುವಂಗಿ, ಹಣೆಯಿಂದ ಗಲ್ಲದವರೆಗೆ ಸುತ್ತಿದ ಬಿಳಿ ವಸ್ತ್ರ. ನಟಿಗೆ ಉಳಿದದ್ದು ಅಂಗೈ ಅಗಲದ ಮುಖ ಮಾತ್ರ. ಕೂದಲಿಲ್ಲ, ಕೊರಳಿಲ್ಲ, ಒಡವೆಯಿಲ್ಲ. ಅಧಿಕಾರದ ಬಿಗುವನ್ನೂ ಒಳಗಿನ ದಿಗಿಲನ್ನೂ ಆಕೆ ಕಣ್ಣು ಮತ್ತು ತುಟಿಯಂಚಿನಲ್ಲೇ ತೋರಿಸುತ್ತಾರೆ. ಆ ಬಿಳಿ ವಸ್ತ್ರವೇ ಮುಖಕ್ಕೆ ಕಟ್ಟು ಹಾಕಿದಂತಿದೆ. ನಿಮ್ಮ ಪ್ರತಿಯಲ್ಲಿ ಹಣೆಯ ಮೇಲಿನ ಬಟ್ಟೆಯೂ ಇಲ್ಲ, ಗಲ್ಲದ ಕೆಳಗಿನ ಬಟ್ಟೆಯೂ ಇಲ್ಲ. ನಡುರಾತ್ರಿ ಅದೇ ಕಾನ್ವೆಂಟಿನ ಸಿಸ್ಟರ್ ರೂತ್ ಬಿಳಿ ನಿಲುವಂಗಿ ಬಿಟ್ಟು ಕೆಂಪು ಉಡುಪು ತೊಟ್ಟು ತುಟಿಗೆ ಬಣ್ಣ ಹಚ್ಚಿಕೊಳ್ಳುವಾಗ ಎದುರಿಗೆ ಕ್ಲೋಡಾ ಬೈಬಲ್ ಬಿಚ್ಚಿ ಕೂರುವ ದೃಶ್ಯವನ್ನು ನಿಲ್ಲಿಸಿ, ನನ್ನ ಬಳಿಯಿರುವ ಡಿವಿಡಿಯ ಅದೇ ದೃಶ್ಯದ ಪಕ್ಕದಲ್ಲಿಟ್ಟು ಫೋಟೊ ತೆಗೆದಿದ್ದೇನೆ. ಎರಡೂ ಒಂದೇ ಚಿತ್ರವೆಂದು ಹೇಳಲು ಬಾಯಿ ಬರುವುದಿಲ್ಲ.

ಇನ್ನು ಗಂಟೆಯ ದೃಶ್ಯ. ಬಂಡೆಯ ತುದಿಯಲ್ಲಿ ಗಂಟೆ, ಹಗ್ಗ ಹಿಡಿದು ಬಾರಿಸುವ ಸಿಸ್ಟರ್, ಕೆಳಗೆ ಎದೆ ನಡುಗಿಸುವ ಪ್ರಪಾತ. ಈ ಹಿಮಾಲಯವನ್ನು ಕಟ್ಟಿದ್ದು ಇಂಗ್ಲೆಂಡಿನ ಪೈನ್‌ವುಡ್ ಸ್ಟುಡಿಯೋದಲ್ಲಿ. ಆ ಕಣಿವೆ ಚಿತ್ರಕಾರರ ಕುಂಚದಿಂದ ಬಂದದ್ದು. ಛಾಯಾಗ್ರಾಹಕ ಜ್ಯಾಕ್ ಕಾರ್ಡಿಫ್ ಅವರಿಗೂ ಕಲಾ ನಿರ್ದೇಶಕ ಆಲ್ಫ್ರೆಡ್ ಯುಂಗ್ ಅವರಿಗೂ ಇದೇ ಚಿತ್ರಕ್ಕೆ ಆಸ್ಕರ್ ಬಂತು. ಆಳವನ್ನು ಕಾಣಿಸಲೆಂದೇ ಕಟ್ಟಿದ ದೃಶ್ಯದಲ್ಲಿ ನೀವು ಆಳವನ್ನೇ ಕತ್ತರಿಸಿದ್ದೀರಿ. ಹಗ್ಗಕ್ಕೆ ಜೋತುಬಿದ್ದ ಕ್ಲೋಡಾ ಬೀಳುವುದಾದರೆ ಎಲ್ಲಿಗೆ ಬೀಳುತ್ತಾಳೆ ಎಂಬುದೇ ತಿಳಿಯದಿದ್ದರೆ ಆಕೆಯ ಮುಖದ ಭಯಕ್ಕೆ ಅರ್ಥವೇನು?

ಇದೇ ಚಿತ್ರದ ಕನ್ನಡ ಅಡಿಬರಹದ (ಸಬ್‌ಟೈಟಲ್) ಬಗ್ಗೆಯೂ ಹೇಳಬೇಕು. ಕನ್ನಡದಲ್ಲಿ ಅಡಿಬರಹ ಕೊಟ್ಟಿದ್ದೀರಿ, ಅದಕ್ಕೆ ಮನಸಾರೆ ಕೃತಜ್ಞ. ಆದರೆ ‘ಸಿಸ್ಟರ್ ಕ್ಲೋಡಾ’ ಉದ್ದಕ್ಕೂ ‘ತಂಗಿ ಕ್ಲೋಡಾ’ ಆಗಿದ್ದಾಳೆ. ‘ಮದರ್ ಸುಪೀರಿಯರ್’ ಎಂಬುದು ‘ಶ್ರೇಷ್ಠ ತಾಯಿ’ ಆಗಿದೆ. ಕಾನ್ವೆಂಟ್ ಶಾಲೆಯಲ್ಲಿ ಓದಿದ ಮೈಸೂರಿನ ಯಾವ ಮಗುವೂ ಸಿಸ್ಟರ್ ಅವರನ್ನು ತಂಗಿ ಎಂದು ಕರೆದದ್ದನ್ನು ನಾನು ಕೇಳಿಲ್ಲ. ಭಾಷೆ ಬಲ್ಲವರೊಬ್ಬರು ಒಮ್ಮೆ ಓದಿದ್ದರೆ ಇದು ಉಳಿಯುತ್ತಿರಲಿಲ್ಲ.

ಮೈಸೂರಿನವನಾಗಿ ನನಗೆ ಹೆಚ್ಚು ನೋವಾದ ಸಂಗತಿ ಬೇರೆ. ಈ ಚಿತ್ರದಲ್ಲಿ ಯುವ ಸೇನಾಪತಿಯ ಪಾತ್ರ ಮಾಡಿದವರು ಸಾಬು. ಹೆಗ್ಗಡದೇವನಕೋಟೆ ಕಡೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಲೋಕಕ್ಕೆ ಪರಿಚಿತರಾದವರು. ಚಿತ್ರದ ಹೆಸರೇ ಅವರ ಪಾತ್ರ ಹಚ್ಚಿಕೊಳ್ಳುವ ಸುಗಂಧದ್ರವ್ಯದ ಹೆಸರು. ನಿಮ್ಮ ಕನ್ನಡ ಪುಟದ ಕಲಾವಿದರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ‘ಇತರರು’ ಎಂದಿದೆ. ಕನ್ನಡದ ವೀಕ್ಷಕರಿಗಾಗಿ ಸಿದ್ಧಪಡಿಸಿದ ಪುಟದಲ್ಲಿ, ಈ ನೆಲದಿಂದ ಹೋದ ಒಬ್ಬನೇ ಒಬ್ಬ ನಟ ‘ಇತರರು’ ಆಗಬಾರದಿತ್ತು.

ಹೆಸರಿನ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ನಟಿಯ ಹೆಸರನ್ನು ಎಲ್ಲೆಡೆ ‘ಕೆರ್’ ಎಂದು ಬರೆದಿದ್ದೀರಿ. 1947ರ ಹೊತ್ತಿಗೆ ಆಕೆಯನ್ನು ಹಾಲಿವುಡ್‌ಗೆ ಕರೆಸಿಕೊಂಡ ಎಂಜಿಎಂ ಚಿತ್ರನಿರ್ಮಾಣ ಸಂಸ್ಥೆ, ಈ ಹೆಸರು ‘ಸ್ಟಾರ್’ ಎಂಬುದಕ್ಕೆ ಪ್ರಾಸವಾಗುತ್ತದೆ ಎಂದೇ ಪ್ರಚಾರ ಮಾಡಿತ್ತು. ಅಂದರೆ ‘ಕಾರ್’. ಇಂಗ್ಲಿಷಿನ ಕಾಗುಣಿತ ನೋಡಿ ಇಂಗ್ಲಿಷಿನವರೇ ತಡವರಿಸುತ್ತಾರೆ. ನುಡಿದಂತೆ ಬರೆಯಬಲ್ಲ ನಮ್ಮ ಲಿಪಿಗೆ ಆ ತೊಡಕಿಲ್ಲ.

ಎರಡನೆಯ ಭಾನುವಾರ 1961ರ ‘ದಿ ಇನ್ನೊಸೆಂಟ್ಸ್’. ಹಳೆಯ ಬಂಗಲೆಯೊಂದರಲ್ಲಿ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ಬಂದ ಶಿಕ್ಷಕಿಯ ಭಯದ ಕಥೆ. ಇದು ಸಿನಿಮಾಸ್ಕೋಪ್ ಚಿತ್ರ, ಟಿವಿಗಿಂತಲೂ ಅಗಲ. ಇಲ್ಲಿ ಮೇಲೆ ಕೆಳಗೆ ಪಟ್ಟಿ ಬರಬೇಕಿತ್ತು. ನೀವು ಎಡಬಲಗಳನ್ನು ಕೊಯ್ದಿರಿ. ಇಲ್ಲೂ ಹೋದದ್ದು ಕಾಲು ಭಾಗವೇ. ಅಷ್ಟು ಅಗಲದ ಪರದೆಯಲ್ಲಿ ಇಕ್ಕಟ್ಟಾದ ಭಯವನ್ನು ತರುವುದಕ್ಕಾಗಿ ಛಾಯಾಗ್ರಾಹಕ ಫ್ರೆಡ್ಡಿ ಫ್ರಾನ್ಸಿಸ್ ಫಿಲ್ಟರುಗಳ ಅಂಚಿಗೆ ಬಣ್ಣ ಬಳಿದು ಚೌಕಟ್ಟಿನ ಎರಡೂ ಬದಿಗೆ ಕತ್ತಲೆ ತಂದರು. ಮೇಣದ ಬತ್ತಿಗಳನ್ನು ಹಿಡಿದು ಡೆಬೊರಾ ಕಾರ್ ನಡುಮನೆಗಳನ್ನು ದಾಟುವಾಗ ಆಕೆ ನೋಡುವುದು ಆ ಕತ್ತಲೆಯ ಕಡೆಗೆ. ನಿಮ್ಮ ಪ್ರತಿಯಲ್ಲಿ ಕತ್ತಲೆಯಿಲ್ಲ. ಆಕೆ ಒಂದು ತುದಿಯಲ್ಲಿ, ಮಗು ಇನ್ನೊಂದು ತುದಿಯಲ್ಲಿ ನಿಂತು ಮಾತನಾಡುವಾಗ ಒಬ್ಬರು ಮಾತ್ರ ಕಾಣುತ್ತಾರೆ, ಇನ್ನೊಬ್ಬರ ದನಿ ಎಲ್ಲಿಂದಲೋ ಬರುತ್ತದೆ.

ಅದಕ್ಕಿಂತಲೂ ದೊಡ್ಡ ತಪ್ಪು ಆರಂಭದಲ್ಲೇ ಇದೆ. ಈ ಚಿತ್ರ ಶುರುವಾಗುವುದು ಕಪ್ಪು ಪರದೆಯಿಂದ. ನಿರ್ಮಾಣ ಸಂಸ್ಥೆಯ ಲಾಂಛನ ಬರುವುದಕ್ಕೂ ಮೊದಲೇ ಕತ್ತಲೆಯಲ್ಲಿ ಒಂದು ಮಗುವಿನ ಹಾಡು ಕೇಳುತ್ತದೆ. ಆಮೇಲೆ ಹಕ್ಕಿಗಳ ದನಿ, ಬಿಕ್ಕುವ ಸದ್ದು, ಪ್ರಾರ್ಥನೆಗೆ ಜೋಡಿಸಿದ ಎರಡು ಕೈ. ಆ ಬೆರಳುಗಳು ಒಂದನ್ನೊಂದು ಹಿಸುಕುತ್ತವೆ. ಮುಖ ಕಾಣುವ ಮೊದಲೇ ಈ ಹೆಂಗಸಿಗೆ ಏನೋ ಆಗಿಹೋಗಿದೆ ಎಂದು ನೋಡುವವರಿಗೆ ತಿಳಿದುಬಿಡುತ್ತದೆ. ಬರೀ ಕೈಗಳಲ್ಲಿ ಅಷ್ಟನ್ನು ಹೇಳುವ ನಟಿಯರು ಎಷ್ಟು ಜನ ಇದ್ದಾರೆ? ಪೀಠಿಕೆ ದಾಟಿಸುವ ನಿಮ್ಮ ವ್ಯವಸ್ಥೆ ಆ ಕತ್ತಲೆಯನ್ನು ಖಾಲಿ ಜಾಗವೆಂದೂ ಆ ಕೈಗಳನ್ನು ಬರೀ ಹೆಸರಿನ ಪಟ್ಟಿಯೆಂದೂ ಬಗೆದು ಹಾರಿಸಿದೆ. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಿ ನೋಡಿದೆ. ಆಗಲೂ ಚಿತ್ರ ಅದರ ನಂತರದಿಂದಲೇ ಶುರುವಾಗುತ್ತದೆ, ಹಿಂದಕ್ಕೆ ಸರಿಸಲು ಅಲ್ಲಿ ಏನೂ ಇಲ್ಲ.

‘ದಿ ಲೈಫ್ ಅಂಡ್ ಡೆತ್ ಆಫ್ ಕರ್ನಲ್ ಬ್ಲಿಂಪ್’ (1943) ಮೂಲದಲ್ಲಿ 163 ನಿಮಿಷದ ಚಿತ್ರ. ನಿಮ್ಮಲ್ಲಿ ಎರಡು ಗಂಟೆಗೆ ಮುಗಿಯಿತು. ಹಿಂದೆ ವಿತರಕರು ಇದನ್ನು ಬೇಕಾಬಿಟ್ಟಿ ಕತ್ತರಿಸಿ, ಹಿಂದುಮುಂದಾಗಿ ಹೆಣೆದ ಕಥೆಯನ್ನು ನೇರ ಮಾಡಿ ತೋರಿಸಿದ್ದುಂಟು. ಆಮೇಲೆ ಅದನ್ನು ಶ್ರದ್ಧೆಯಿಂದ ಪೂರ್ಣ ರೂಪಕ್ಕೆ ತಂದಿದ್ದಾರೆ. ಪೂರ್ಣ ಪ್ರತಿ ಲೋಕದಲ್ಲಿರುವಾಗ ನೀವು ಕತ್ತರಿಸಿದ್ದನ್ನೇ ಏಕೆ ತಂದಿರಿ? ಇಪ್ಪತ್ತೊಂದರ ಆಸುಪಾಸಿನ ಡೆಬೊರಾ ಕಾರ್ ಇಲ್ಲಿ ಮೂರು ಪಾತ್ರ ಮಾಡಿದ್ದಾರೆ. ನಾಯಕ ಕಳೆದುಕೊಂಡ ಈಡಿತ್, ಅವಳನ್ನೇ ಹೋಲುತ್ತಾಳೆಂದು ಅವನು ಮದುವೆಯಾಗುವ ಬಾರ್ಬರಾ, ಮುಪ್ಪಿನಲ್ಲಿ ಅವನ ಕಾರು ಓಡಿಸುವ ಏಂಜೆಲಾ. ನಲವತ್ತು ವರ್ಷ ಒಂದೇ ಮುಖವನ್ನು ಹುಡುಕಿದ ಗಂಡಸಿನ ಕಥೆ ಇದು. ನಡುವೆ ಮುಕ್ಕಾಲು ಗಂಟೆ ಹೋದರೆ ಆ ಹುಡುಕಾಟದ ಎಳೆಯೇ ಕಡಿದುಹೋಗುತ್ತದೆ. 1940ರ ‘ಕಾಂಟ್ರಾಬ್ಯಾಂಡ್’ ಚಿತ್ರದಲ್ಲಿ ಆಕೆ ಮೊದಲ ಬಾರಿ ಕ್ಯಾಮೆರಾದ ಮುಂದೆ ನಿಂತಾಗಲೂ ಆ ದೃಶ್ಯಗಳು ಕತ್ತರಿಗೆ ಹೋದವು. ಎಂಬತ್ತು ವರ್ಷಗಳ ಮೇಲೂ ಅದೇ ಅನ್ಯಾಯ ನಡೆಯಬೇಕೆ?

‘ಫ್ರಮ್ ಹಿಯರ್ ಟು ಇಟರ್ನಿಟಿ’ (1953) ಸರಿಯಾಗಿದೆ; ಚೌಕಟ್ಟು, ದನಿ ಎರಡೂ ಚೆನ್ನಾಗಿವೆ. ‘ದಿ ಕಿಂಗ್ ಅಂಡ್ ಐ’ (1956) ಪುಟದಲ್ಲಿ ಹಾಡುಗಳೆಲ್ಲ ನಟಿಯವೇ ಎಂದಿದೆ. ಹೆಚ್ಚಿನ ಹಾಡಿನ ದನಿ ಮಾರ್ನಿ ನಿಕ್ಸನ್ ಅವರದು. ಅಂದು ಪರದೆಯ ಮೇಲೆ ಅವರ ಹೆಸರು ಬರಲಿಲ್ಲ. ರಾಜಕುಮಾರ್ ಅವರಿಗೆ ದನಿಯಾದ ಪಿ.ಬಿ. ಶ್ರೀನಿವಾಸ್ ಅವರ ಹೆಸರನ್ನು ಬಾಯಿಪಾಠ ಮಾಡಿಕೊಂಡು ಬೆಳೆದ ಕನ್ನಡಿಗರಿಗೆ ಆ ಹೆಸರನ್ನು ತಿಳಿಸುವುದು ಕಷ್ಟವಲ್ಲ, ಇಬ್ಬರಿಗೂ ನ್ಯಾಯ. ಪರಿಚಯದಲ್ಲಿ ‘ಆರು ಆಸ್ಕರ್ ವಿಜೇತೆ’ ಎಂದು ಬರೆದಿರುವುದೂ ತಪ್ಪು. 1949ರ ‘ಎಡ್ವರ್ಡ್, ಮೈ ಸನ್’ನಿಂದ 1960ರ ‘ದಿ ಸನ್‌ಡೌನರ್ಸ್’ವರೆಗೆ ಆರು ಬಾರಿ ಅತ್ಯುತ್ತಮ ನಟಿ ಪ್ರಶಸ್ತಿಗೆ ಹೆಸರು ಸೂಚಿತವಾಯಿತು, ಒಮ್ಮೆಯೂ ಬರಲಿಲ್ಲ. 1994ರಲ್ಲಿ ಗೌರವ ಆಸ್ಕರ್ ಕೊಟ್ಟರು. ಗೆಲ್ಲದೆಯೂ ಆಕೆ ದೊಡ್ಡವರು. ಇಲ್ಲದ ಗೆಲುವನ್ನು ಅಂಟಿಸುವ ಅಗತ್ಯವಿಲ್ಲ.

ಜಾಹೀರಾತಿನಲ್ಲಿದ್ದ ‘ದಿ ಅಸ್ಸಾಂ ಗಾರ್ಡನ್’ (1985) ಇಂದಿಗೂ ಬಂದಿಲ್ಲ. ಅಕ್ಕ ಕಾಯುತ್ತಿದ್ದದ್ದು ಅದಕ್ಕೇ. ಆಕೆಯ ಕೊನೆಯ ಸಿನಿಮಾ ಅದು. ಎದುರಿಗೆ ಭಾರತ ಮೂಲದ ನಟಿ ಮಧುರ್ ಜಾಫ್ರಿ. ಒಂಟಿಯಾದ ಇಂಗ್ಲಿಷ್ ವಿಧವೆಯೂ ಭಾರತದಿಂದ ಬಂದ ನೆರೆಯಾಕೆಯೂ ಒಂದು ತೋಟದ ನೆಪದಲ್ಲಿ ಹತ್ತಿರವಾಗುವ ಕಥೆ.

ಈ ಬಗ್ಗೆ ನಿಮ್ಮ ಸಹಾಯವಾಣಿಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ‘ನಿಮ್ಮ ಟಿವಿಯ ಸೆಟ್ಟಿಂಗ್ ಪರಿಶೀಲಿಸಿ’ ಎಂಬ ಒಂದೇ ಉತ್ತರ ಬಂತು. ಟಿವಿ, ಲ್ಯಾಪ್‌ಟಾಪ್, ಮಗಳ ಮೊಬೈಲ್ ಮೂರರಲ್ಲೂ ನೋಡಿದ್ದೇನೆ. ಮೂರರಲ್ಲೂ ಅದೇ ಕತ್ತರಿ.

ಆದ್ದರಿಂದ ಈ ಚಿತ್ರಗಳನ್ನು ಮೂಲ ಚೌಕಟ್ಟಿನಲ್ಲಿ, ಪೂರ್ಣ ಅವಧಿಯಲ್ಲಿ, ಆರಂಭದ ಕತ್ತಲೆಯನ್ನೂ ಸೇರಿಸಿ ಮರಳಿ ಹಾಕಬೇಕು. ಹೆಸರುಗಳನ್ನೂ ಅಡಿಬರಹವನ್ನೂ ತಿದ್ದಬೇಕು. ಸಾಬು ಅವರ ಹೆಸರು ಪಟ್ಟಿಯಲ್ಲಿ ಬರಬೇಕು. ಅದು ಸಾಧ್ಯವಿಲ್ಲವೆಂದಾದರೆ ‘ಸಂಪೂರ್ಣ’ ಎಂಬ ಪದವನ್ನು ಜಾಹೀರಾತಿನಿಂದ ತೆಗೆದು ನನ್ನ 1,499 ರೂಪಾಯಿ ಹಿಂದಿರುಗಿಸಿ. 30 ದಿನಗಳಲ್ಲಿ ಲಿಖಿತ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ ಮತ್ತು ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡುತ್ತೇನೆ.

ಹಣ ಮರಳಿ ಬರುವುದಕ್ಕಿಂತ ಚಿತ್ರಗಳು ಸರಿಯಾಗುವುದೇ ನನಗೆ ಬೇಕು. ಅಡಿಬರಹ ತಿದ್ದಲು ಕನ್ನಡ ಬಲ್ಲವರು ಬೇಕಾದರೆ ನಮ್ಮ ಗುಂಪಿನ ಇಬ್ಬರು ನಿವೃತ್ತ ಕನ್ನಡ ಮೇಷ್ಟ್ರು ಸಂಭಾವನೆಯಿಲ್ಲದೆ ಆ ಕೆಲಸ ಮಾಡಿಕೊಡಲು ಒಪ್ಪಿದ್ದಾರೆ. ಹದಿನಾಲ್ಕು ಫೋಟೊಗಳನ್ನೂ, ತಪ್ಪುಗಳು ಯಾವ ನಿಮಿಷದಲ್ಲಿವೆ ಎಂಬ ಪಟ್ಟಿಯನ್ನೂ, ಹಣ ಕಟ್ಟಿದ ರಸೀದಿಯನ್ನೂ ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ, ಮೈಸೂರು