ಫೋನ್ ನೋಡ್ಕೊಂಡು ಬೆಟ್ಟ ಬರೀಬೇಡ ಪುಟ್ಟಾ

ಪುಟ್ಟಾ,

ನೀನು ಕಳ್ಸಿದ್ ಕುದುರೆಮುಖದ ವಾಟರ್‌ಕಲರ್ ನೋಡ್ದೆ. ಫೋಟೋದಲ್ಲಿ ಇರೋ ಥರಾನೇ ಬರ್ದಿದೀನಿ ಅತ್ತೆ, ಆದ್ರೂ ಬೆಟ್ಟ ಗಿಡ್ಡ ಕಾಣ್ತಿದೆ ಅಂತ ಬೇಜಾರ್ ಮಾಡ್ಕೊಂಡಿದೀಯ. ಫೋಟೋದಲ್ಲಿ ಇರೋ ಥರಾನೇ ಬರ್ದಿರೋದಕ್ಕೇ ಕಣೋ ಹಾಗಾಗಿರೋದು. ಫೋನಿನ ವೈಡ್ ಲೆನ್ಸು ದೂರದ ಬೆಟ್ಟಾನ ಇನ್ನೂ ಹಿಂದಕ್ಕೆ ತಳ್ಳಿ ಸಣ್ಣದು ಮಾಡ್ಬಿಡತ್ತೆ.

ಇಂಗ್ಲೆಂಡಿನ ಚಿತ್ರಕಾರ ಟರ್ನರ್ ಇದಾನಲ್ಲ, ಅವನದ್ದು 1843ರ ಒಂದು ವಾಟರ್‌ಕಲರ್ ಇದೆ, ಸ್ವಿಟ್ಜರ್ಲೆಂಡಿನ ಫೈಡೋ ಅನ್ನೋ ಊರ ಹತ್ರ ಸೇಂಟ್ ಗೊಥಾರ್ಡ್ ಘಾಟಿ, ಈಗ ನ್ಯೂಯಾರ್ಕಿನ ಮಾರ್ಗನ್ ಲೈಬ್ರರೀಲಿದೆ, ಝೂಮ್ ಮಾಡಿ ನೋಡು. ಒಂದಡಿ ಎತ್ತರ ಒಂದೂವರೆ ಅಡಿ ಅಗಲ, ಅಷ್ಟೇ ಪೇಪರು. ಅದ್ರಲ್ಲಿ ಬಂಡೆಗಳು ಮೈಮೇಲೆ ಬರೋ ಹಾಗಿವೆ, ಟಿಚಿನೋ ನದಿ ಕಲ್ರಾಶಿ ಮಧ್ಯೆ ನುಗ್ತಿದೆ, ರಸ್ತೆ ಮೇಲೊಂದು ಪುಟಾಣಿ ಕುದುರೆಗಾಡಿ.

ಅದನ್ನ ದುಡ್ಡು ಕೊಟ್ಟು ಬರೆಸಿದ್ದು ರಸ್ಕಿನ್ ಅಂತ ಒಬ್ಬ ಇಂಗ್ಲಿಷ್ ಕಲಾವಿಮರ್ಶಕ. 1845ರಲ್ಲಿ ಅವ್ನು ಆ ಜಾಗ ಹುಡುಕ್ಕೊಂಡು ಹೋದ. ಕಲ್ಲು, ರಸ್ತೆ ಎಲ್ಲಾ ಸರಿಯಾಗೇ ಇತ್ತು, ಬೆಟ್ಟ ಮಾತ್ರ ಚಿತ್ರದ ಮುಂದೆ ಏನೇನೂ ಅಲ್ಲ! ಬೇರೆಯವ್ರಾಗಿದ್ರೆ ದುಡ್ಡು ವಾಪಸ್ ಕೇಳ್ತಿದ್ರೇನೋ. ಇವ್ನು ಅಲ್ಲೇ ಕೂತು ತಾನೂ ಅದೇ ಜಾಗ ಬರ್ಕೊಂಡು, ಎರಡನ್ನೂ ಪಕ್ಕಪಕ್ಕ ಇಟ್ಟು ಯೋಚ್ನೆ ಮಾಡಿ ಆಮೇಲೆ ಬರೆದ, ಟರ್ನರ್ ಇಲ್ಲಿಗೆ ಬರೋ ಮುಂಚೆ ಇಕ್ಕಟ್ಟಾದ ಭಯಂಕರ ಕಣಿವೆ ದಾಟ್ಕೊಂಡು ಬಂದಿದ್ದ, ಆ ದಿಗಿಲು ಇನ್ನೂ ಮನಸ್ಸಲ್ಲಿತ್ತು, ಅದೂ ಸೇರಿಯೇ ಬೆಟ್ಟ ಅಷ್ಟೆತ್ತರ ಆಗಿದೆ ಅಂತ. ನಂಗಂತೂ ಇದು ಸರಿ ಅನ್ಸತ್ತೆ.

ಹಾಗಂತ ಮನಸ್ಸಿಗೆ ಬಂದಷ್ಟು ಎತ್ತರ ಮಾಡು ಅಂತಲ್ಲ. 67ನೇ ವಯಸ್ಸಲ್ಲಿ ಅಲ್ಲೀವರ್ಗೂ ಹೋಗಿ ಪೆನ್ಸಿಲ್ಲಲ್ಲಿ ಗೀಚ್ಕೊಂಡು ಬಂದು ಬಣ್ಣ ಆಮೇಲೆ ಹಾಕ್ದೋನು ಟರ್ನರ್. ನೀನು ಟ್ರೆಕ್‌ಗೆ ಹೋದಾಗ ಸ್ಕೆಚ್‌ಬುಕ್ ಬ್ಯಾಗಿಂದ ಈಚೆ ಬರ್ಲೇ ಇಲ್ಲ, ರೀಲ್ಸ್ ಮಾತ್ರ ಬಂತು. ಆ ಏರು ಹತ್ತುವಾಗ ಉಸಿರು ಬಾಯಿಗೆ ಬಂದಿತ್ತು ಅಂತಿದ್ಯಲ್ಲ, ಅದೆಲ್ಲಿ ನಿನ್ ಚಿತ್ರದಲ್ಲಿ? ಮುಂದಿನ್ಸಲ ಐದು ನಿಮಿಷ ಕೂತು ಪೆನ್ಸಿಲ್ ಹಿಡಿ, ವಕ್ರವಕ್ರ ಬಂದ್ರೂ ಪರ್ವಾಗಿಲ್ಲ.

ಆಮೇಲೆ ಆ ಜಲಪಾತದ ನೊರೆಗೆ ಬಿಳಿ ಪೇಂಟ್ ಹಚ್ಚಿದೀಯ, ಸುಣ್ಣ ಬಳಿದಂಗಿದೆ. ಟರ್ನರ್ ಬಣ್ಣ ಒಣಗಿದ್ಮೇಲೆ ಪೇಪರ್ ಕೆರೆದು ಬಿಳಿ ತೆಗೀತಿದ್ದ. ನಿನ್ನ ತೆಳು ಡ್ರಾಯಿಂಗ್ ಶೀಟಲ್ಲಿ ಹಾಗೆ ಮಾಡಿದ್ರೆ ತೂತೇ ಗತಿ, 300 ಜಿಎಸ್ಎಂನ ದಪ್ಪ ಕಾಟನ್ ಪೇಪರ್ ತಗೋ. ದುಡ್ಡು ಗೂಗಲ್ ಪೇ ಮಾಡ್ತೀನಿ, ನಿಮ್ಮಪ್ಪಂಗೆ ಹೇಳ್ಬೇಡ, ಮೊದ್ಲೇ ಎಕ್ಸಾಮ್ ಎಕ್ಸಾಮ್ ಅಂತ ಕೂಗಾಡ್ತಿದಾನೆ.

ಇಂತಿ,
ನಿನ್ನ ಅತ್ತೆ