ಬೆಳಗಿನವರೆಗೆ ಕೂತಿದ್ದವರಿಗೆ

ಜೂನ್ ತಿಂಗಳ ಮೊದಲ ಶನಿವಾರ ನ್ಯೂಜೆರ್ಸಿಯ ನ್ಯೂ ಬ್ರನ್ಸ್‌ವಿಕ್‌ನಲ್ಲಿ ನಡೆದ ಹಂಗೇರಿಯನ್ ಉತ್ಸವದಲ್ಲಿ, ಅಲ್ಲಿನ ಜನಪದ ಸಂಗೀತ ನುಡಿಸುವ ನಮ್ಮ ಪುಟ್ಟ ವಾದ್ಯತಂಡ ತನ್ನ 20ನೆಯ ವರ್ಷದ ಕಛೇರಿಯನ್ನು ನಡೆಸಿತು. ‘ನಡೆಸಿತು’ ಎಂಬ ಪದವನ್ನು ಬರೆಯಲು ಸಾಧ್ಯವಾದದ್ದೇ ನಮಗೆ ದೊಡ್ಡದು. ತಂಡದ ಪ್ರೀಮಾಶ್, ಅಂದರೆ ಮುಂದೆ ನಿಂತು ರಾಗವನ್ನು ಕೊಂಡೊಯ್ಯುವ ಪಿಟೀಲುವಾದಕರು, ಈ ಸಲ ಕೇಳುಗರ ಮೊದಲ ಸಾಲಿನಲ್ಲಿ ಗಾಲಿಕುರ್ಚಿಯ ಮೇಲಿದ್ದರು. ಫೆಬ್ರುವರಿಯಲ್ಲಿ ಎಚ್ಚರವಿಲ್ಲದೆ ಆಸ್ಪತ್ರೆ ಸೇರಿದಾಗಿನಿಂದ ಈಚೆಗೆ ಅವರು ಪಟ್ಟ ಪಾಡು ನಿಮಗೆಲ್ಲ ತಿಳಿದದ್ದೇ ಆದ್ದರಿಂದ ಅದನ್ನು ಮತ್ತೆ ಕೆದಕುವುದಿಲ್ಲ.

ಮೂರೇ ತಿಂಗಳ ತಯಾರಿಯಲ್ಲಿ ಅವರ ಜಾಗಕ್ಕೆ ಬಂದು ನಿಂತ ಅವರ ಶಿಷ್ಯೆಗೆ, ಪ್ರತಿ ಶುಕ್ರವಾರ ಅಭ್ಯಾಸಕ್ಕೆಂದು ನೆಲಮಾಳಿಗೆಯ ಸಭಾಂಗಣದ ಬಾಗಿಲು ತೆರೆದಿಟ್ಟ ಚರ್ಚಿನವರಿಗೆ, ಪೊಗಾಚ ಎಂಬ ಉಪ್ಪು ಬನ್ನುಗಳನ್ನು ಮಾಡಿ ಮಾರಿ ಬಂದ ಹಣವನ್ನು ಚಿಕಿತ್ಸೆಯ ಖರ್ಚಿಗೆ ಕೊಟ್ಟ ನೇನಿಯರಿಗೆ (ಹಿರಿಯ ಹೆಂಗಸರನ್ನು ಹಂಗೇರಿಯನ್ನರಲ್ಲಿ ಕರೆಯುವುದು ಹಾಗೆ), ಹಂಗೇರಿಯನ್ ಕುಣಿತವಾದ ಚಾರ್ದಾಶ್ ಎಂದರೇನೆಂದು ತಿಳಿಯದಿದ್ದರೂ ಮಕ್ಕಳನ್ನು ಕಟ್ಟಿಕೊಂಡು ಬಂದು ಕುಣಿದ ನಮ್ಮ ಕನ್ನಡದ ಮನೆಗಳವರಿಗೆ, ಎಲ್ಲರಿಗೂ ನಾನು ಋಣಿ. ಇಷ್ಟು ಜನರನ್ನು ಒಂದೇ ವಾಕ್ಯದಲ್ಲಿ ತುಂಬಿದ್ದಕ್ಕೆ ಕ್ಷಮೆಯಿರಲಿ. ಉಳಿದ ಜಾಗ ಒಬ್ಬರಿಗೇ ಬೇಕು.

ಅವರು ನಮ್ಮ ತಂಡದಲ್ಲಿ ಬಾಸ್ ನುಡಿಸುವವರು. ಹಂಗೇರಿಯನ್ನರು ಹಿರಿಯ ಗಂಡಸರ ಹೆಸರಿಗೆ ‘ಬಾಚಿ’ ಎಂದು ಸೇರಿಸುತ್ತಾರೆ. ನಮಗೆ ಅವರು ಬರಿಯ ಬಾಚಿ. 1956ರ ಹಂಗೇರಿಯ ಕ್ರಾಂತಿಯನ್ನು ಸೋವಿಯತ್ ಟ್ಯಾಂಕುಗಳು ಹೊಸಕಿಹಾಕಿದ ಮೇಲೆ ದೇಶ ಬಿಟ್ಟ ಸುಮಾರು 2 ಲಕ್ಷ ಜನರಲ್ಲಿ ಆಗ ಆರು ವರ್ಷದವರಾಗಿದ್ದ ಅವರೂ ಇದ್ದರು. ಅಮೆರಿಕಕ್ಕೆ ಬಂದವರ ಪೈಕಿ 30,000ಕ್ಕೂ ಹೆಚ್ಚು ಮಂದಿಯನ್ನು ಮೊದಲು ಇಳಿಸಿಕೊಂಡ ಕ್ಯಾಂಪ್ ಕಿಲ್ಮರ್ ಎಂಬ ಸೇನಾ ಶಿಬಿರ ಇದ್ದದ್ದು, ನಮ್ಮಲ್ಲಿ ಹಲವರು ಈಗ ಮನೆ ಮಾಡಿಕೊಂಡಿರುವ ಎಡಿಸನ್, ಪಿಸ್ಕಾಟವೇ ಕಡೆಯಲ್ಲೇ ಎಂಬುದು ಅವರು ಹೇಳುವವರೆಗೆ ನನಗೆ ಗೊತ್ತಿರಲಿಲ್ಲ.

ಪ್ರೀಮಾಶ್ ಆಸ್ಪತ್ರೆ ಸೇರಿದ ಆ ರಾತ್ರಿ ಅಲ್ಲಿನ ಮೊಗಸಾಲೆಯಲ್ಲಿ ಕೊನೆಗೆ ಉಳಿದವರು ನಾವಿಬ್ಬರೇ. ನಾನು ನುಡಿಸುವುದು ಕೊಂಟ್ರಾ. ಅದು ಪಿಟೀಲಿಗಿಂತ ತುಸು ದೊಡ್ಡದಾದ, ಮೂರು ತಂತಿಯ ವಿಯೋಲ, ತಂತಿಗಳನ್ನು ಹೊರುವ ಅದರ ಕುದುರೆ (ಬ್ರಿಜ್) ಬಾಗಿರದೆ ಚಪ್ಪಟೆಯಾಗಿರುವುದರಿಂದ ಮೂರು ತಂತಿಗಳೂ ಒಟ್ಟಿಗೆ ದನಿಗೊಡುತ್ತವೆ. ಕರ್ನಾಟಕ ಸಂಗೀತದ ಪಿಟೀಲಿನಲ್ಲಿ ಬೆಳೆದ ನನ್ನ ಕಿವಿಗೆ ಸ್ವರಗಳನ್ನು ಹೀಗೆ ಒಂದರ ಮೇಲೊಂದು ಪೇರಿಸುವುದು ಒಗ್ಗಲು ವರ್ಷಗಳೇ ಹಿಡಿದಿದ್ದವು, ಒಗ್ಗಿಸಿದವರು ಒಳಗೆ ಎಚ್ಚರವಿಲ್ಲದೆ ಮಲಗಿದ್ದರು. ಗುರುವೇ ಇಲ್ಲವಾದರೆ ಈ ವಾದ್ಯ ನನಗೇಕೆ, ಇದು ನನ್ನ ಊರಿನದೂ ಅಲ್ಲ, ಮಾರಿಬಿಡುತ್ತೇನೆ ಎಂದು ನಾಚಿಕೆಯಿಲ್ಲದೆ ಅತ್ತೆ. ಬಾಚಿ ಸಮಾಧಾನ ಹೇಳಲಿಲ್ಲ. ಇದು ತಮ್ಮ ಊರಿನದೂ ಅಲ್ಲ ಎಂದರು. ಬುಡಾಪೆಸ್ಟಿನವರಾದ ಅವರ ತಂದೆತಾಯಿಗೆ ಗೊತ್ತಿದ್ದದ್ದು ಊಟದ ಹೋಟೆಲುಗಳಲ್ಲಿ ನುಡಿಸುತ್ತಿದ್ದ ‘ನೋತ’ ಹಾಡುಗಳು ಮಾತ್ರ. 1972ರಲ್ಲಿ ಆ ನಗರದಲ್ಲಿ ಮೊದಲ ‘ತಾಂತ್ಸ್‌ಹಾಜ್’, ಅಂದರೆ ಕುಣಿತದ ಮನೆ, ಆರಂಭವಾಗಿ ಈಗ ರೊಮೇನಿಯದಲ್ಲಿರುವ ಟ್ರಾನ್ಸಿಲ್ವೇನಿಯದ ಸೇಕ್ ಹಳ್ಳಿಯ ಕುಣಿತಗಳು ಪೇಟೆಯ ಹುಡುಗರಿಗೆ ಹುಚ್ಚು ಹಿಡಿಸಿದ ಮೇಲೆ, ಯಾರೋ ಕಡಲಾಚೆಯಿಂದ ತಂದ ಕ್ಯಾಸೆಟ್ಟಿನಲ್ಲಿ ಅವರು ಈ ನಾದವನ್ನು ಮೊದಲು ಕೇಳಿದ್ದು ಮೂವತ್ತರ ಹತ್ತಿರದಲ್ಲಿ. ಹಳ್ಳಿಗಳಲ್ಲಿ ಅದನ್ನು ತಲೆಮಾರುಗಳಿಂದ ಹೊತ್ತು ಬಂದವರು ಬಹುಪಾಲು ರೋಮಾ (ಜಿಪ್ಸಿ) ಸಮುದಾಯದ ವಾದಕರು. ಅವರನ್ನು ನಾವು ನೆನೆಯುವುದು ಸಾಲದು ಎಂದು ಬಾಚಿ ಆಗಾಗ ಗೊಣಗುತ್ತಾರೆ, ಆ ಗೊಣಗಾಟದಲ್ಲಿ ನನ್ನ ಪಾಲೂ ಇದೆ.

ಆಮೇಲೆ ನನ್ನ ಕೈ ಹಿಡಿದು ಕುರ್ಚಿಯ ತೋಳಿನ ಮೇಲೆ ದ್ಯುವೋ ತಾಳ ಹಾಕಿಸಿದರು: ಕಮಾನಿನ ಒಂದೇ ಎಳೆತಕ್ಕೆ ಎರಡು ಪೆಟ್ಟು, ಒತ್ತು ಎರಡನೆಯದಕ್ಕೆ. ಮೇಲಿನ ರಾಗ ಎಷ್ಟೇ ಶೋಕದ್ದಾಗಿರಲಿ, ಸೇಕ್ ಸೀಮೆಯ ಕೊಂಟ್ರಾದವರು ಅದರ ಅಡಿಯಲ್ಲಿ ಬಹುಮಟ್ಟಿಗೆ ಮೇಜರ್, ಅಂದರೆ ಹರ್ಷದ ಛಾಯೆಯ, ಸ್ವರಗುಚ್ಛಗಳನ್ನೇ ಹಾಕುತ್ತಾರೆ ಎಂದು ಗೊತ್ತಿದ್ದ ಸಂಗತಿಯನ್ನೇ ಮತ್ತೆ ಹೇಳಿದರು. ನರ್ಸ್ ಎರಡು ಸಲ ಬಂದು ಸದ್ದು ಮಾಡಬೇಡಿ ಎಂದರು. ಬೆಳಗಿನ ಜಾವ ಡಾಕ್ಟರು ಹೊರಬಂದು ಜೀವಕ್ಕೆ ಭಯವಿಲ್ಲ ಎಂದಾಗ, ಅಷ್ಟು ಹೊತ್ತೂ ನೋಯುವ ಮಂಡಿಯನ್ನು ಉಜ್ಜಿಕೊಳ್ಳುತ್ತ ಕೂತಿದ್ದ ಬಾಚಿ ಎದ್ದು ಕಿಟಕಿಗೆ ಮುಖ ಮಾಡಿ ನಿಂತರು. ಟ್ರಾನ್ಸಿಲ್ವೇನಿಯದ ಕಲೊತಸೆಗ್ ಸೀಮೆಯಲ್ಲಿ ಮದುವೆಯ ರಾತ್ರಿಯೆಲ್ಲ ಕುಣಿದವರು ನಸುಕಿನಲ್ಲಿ ಮನೆಗೆ ಮರಳುವಾಗ ಹಾಡುವ ಹಯ್ನಲಿಯೊಂದನ್ನು ಗುನುಗಿದರು. ಅವರ ದನಿ ನಡುವೆ ಒಮ್ಮೆ ನಿಂತಿತು. ಮತ್ತೆ ಮೊದಲಿನಿಂದ ಹಾಡಿದರು.

ಉತ್ಸವದಲ್ಲಿ ಅದೇ ಹಯ್ನಲಿಯನ್ನು ನುಡಿಸಿ ಕೆಳಗಿಳಿದಾಗ ಪ್ರೀಮಾಶ್ ನನ್ನನ್ನು ಕುರ್ಚಿಯ ಬಳಿಗೆ ಕರೆದು, ಇನ್ನೂ ತೊದಲುವ ಮಾತಿನಲ್ಲಿ, ಅದಕ್ಕೂ ಹಿಂದಿನ ಚಾರ್ದಾಶ್‌ನಲ್ಲಿ ನಾನು ಎರಡು ಕಡೆ ಒತ್ತು ತಪ್ಪಿದೆ ಎಂದರು. ಬಾಚಿ ನನ್ನ ಪರವಾಗಿ ಒಂದು ಮಾತೂ ಆಡಲಿಲ್ಲ. ಮೂರು ಕಡೆ ಎಂದು ಬೆರಳು ತೋರಿಸಿದರು.